ಹೆಸರು ಒಂದು, ಮೀನು ಬೇರೆ: ಗಿಡ್ಡ ಸಿಕ್ಲಿಡ್ ಗುರುತಿಸಲು ಕಲಿತ ಪಾಠ

ಕಡ್ಲೆಕಾಯಿ ಬೆಳೆಯುವವನು ಗಾಜಿನ ತೊಟ್ಟಿಯ ಮೀನಿನ ಬಗ್ಗೆ ಬರೆಯುವುದೇನು ಅಂತ ಓದುಗರು ಹುಬ್ಬೇರಿಸಬಹುದು. ನಮ್ಮದು ಚಳ್ಳಕೆರೆ ಸೀಮೆ. ಆರು ಎಕರೆ ಮಸಾರಿ ನೆಲ, ಒಂದೂವರೆ ಇಂಚು ನೀರಿನ ಒಂದು ಬೋರು, ಇಪ್ಪತ್ತು ಕುರಿ. 2018ರಲ್ಲಿ ಮಳೆ ಕೈಕೊಟ್ಟು ಬಿತ್ತಿದ ಬೀಜವೂ ವಾಪಸು ಬರಲಿಲ್ಲ. ಆ ವರ್ಷ ಬೆಂಗಳೂರಿನಿಂದ ಬಂದ ಮಗ ಬಣ್ಣದ ಮೀನಿನ ಮಾತು ತೆಗೆದ. "ಗಿಡ್ಡ ಸಿಕ್ಲಿಡ್ ಅಂತ ಇದೆ ಅಪ್ಪಾ. ಎರಡು ಬೆರಳಿನಷ್ಟು ಉದ್ದ. ಜಾಗ ಕಮ್ಮಿ ಸಾಕು, ನೀರು ಕಮ್ಮಿ ಸಾಕು, ಬೆಲೆ ಮಾತ್ರ ಚೆನ್ನಾಗಿದೆ" ಅಂದ. ನೀರು ಕಮ್ಮಿ ಸಾಕು ಎಂಬ ಮಾತಿಗೆ ನಾನು ಸೋತೆ.

ಎರಡು ಟಗರು ಮಾರಿದೆ. ತೊಟ್ಟಿ, ಗಾಳಿಯ ಪಂಪು, ಹೀಟರು ಎಲ್ಲ ಸೇರಿ ಹತ್ತು ಸಾವಿರ ಆಯಿತು. ನಗರದ ಅಂಗಡಿಯೊಂದರಿಂದ 'ರಾಮ್' ಹೆಸರಿನ 40 ಮೀನು ತಂದೆವು, ಒಂದಕ್ಕೆ 150 ರೂಪಾಯಿ. ಇಂಗ್ಲಿಷಿನಲ್ಲಿ ರಾಮ್ ಅಂದರೆ ಟಗರು ಅಂತೆ. ಟಗರು ಮಾರಿ ಟಗರು ತಂದೆ ಅಂತ ಮನೆಯಲ್ಲಿ ನಕ್ಕರು. ಮೂರು ವಾರದಲ್ಲಿ 40ಕ್ಕೆ 37 ಸತ್ತವು. ಆಮೇಲೆ ಯಾರೂ ನಗಲಿಲ್ಲ.

ಅಂಗಡಿಗೆ ಹೋಗಿ ಕೇಳಿದರೆ "ರಾಮ್ ಗಟ್ಟಿ ಮೀನು, ನಿಮ್ಮ ಕೈಗುಣ ಸರಿಯಿಲ್ಲ" ಎಂಬ ಉತ್ತರ ಬಂತು. ಆಮೇಲೆ ತಿಳಿಯಿತು, ಆತ ಹೇಳಿದ ಗಟ್ಟಿ ಮೀನೂ ರಾಮ್, ನನಗೆ ಕೊಟ್ಟ ಸೂಕ್ಷ್ಮ ಮೀನೂ ರಾಮ್. ಹೆಸರು ಒಂದೇ, ಮೀನು ಬೇರೆ. ಆ ವ್ಯತ್ಯಾಸ ಗೊತ್ತಿಲ್ಲದ್ದಕ್ಕೆ ನಾನು ಕಟ್ಟಿದ ಫೀಸು ಆರು ಸಾವಿರ. ನೀವು ಅದನ್ನು ಕಟ್ಟಬಾರದು ಅಂತ ಈ ಬರಹ.

ನಾನು ಓದಿದ್ದು ಏಳನೇ ಕ್ಲಾಸು. ಮೀನಿನ ಶಾಸ್ತ್ರೀಯ ಹೆಸರುಗಳನ್ನು ಮಗಳು ಓದಿ ಹೇಳಿದಳು, ನಾನು ಕನ್ನಡದಲ್ಲಿ ಬರೆದು ತೊಟ್ಟಿಯ ಗೋಡೆಗೆ ಅಂಟಿಸಿಕೊಂಡೆ. ಉಳಿದದ್ದು ತೊಟ್ಟಿಯ ಮುಂದೆ ಕೂತು ಕಲಿತದ್ದು.

ಮೊದಲು ನೀರು, ಆಮೇಲೆ ಮೀನು

ಜಾತಿ ಗುರುತಿಸುವುದು ಬರೀ ಚೆಂದಕ್ಕಲ್ಲ. ಒಂದೊಂದು ಜಾತಿ ಹುಟ್ಟಿ ಬೆಳೆದ ನೀರು ಒಂದೊಂದು ಥರ. ನಮ್ಮ ಬೋರಿನ ನೀರು ಗಡಸು. ಸೋಪು ನೊರೆ ಬರುವುದಿಲ್ಲ, ಸ್ನಾನದ ಹಂಡೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಈ ಎರಡು ಪರೀಕ್ಷೆಗೆ ಕಾಸು ಬೇಡ. ಪೆನ್ನಿನಂಥ ಟಿಡಿಎಸ್ ಮೀಟರು ಈಗ ಅಗ್ಗಕ್ಕೆ ಸಿಗುತ್ತದೆ. ಅದು ಸುಣ್ಣವೊಂದನ್ನೇ ಅಳೆಯುವುದಿಲ್ಲ, ನೀರಲ್ಲಿ ಕರಗಿದ ಎಲ್ಲ ಲವಣದ ಲೆಕ್ಕ ಕೊಡುತ್ತದೆ. ಅಂದಾಜಿಗೆ ಅಷ್ಟು ಸಾಕು. ನನ್ನ ಬೋರಿನ ನೀರು 1100 ತೋರಿಸಿತು. ಮಾಳಿಗೆಯಿಂದ ಹಿಡಿದ ಮಳೆನೀರು 30.

ಎರಡು ರಾಮ್‌ಗಳಲ್ಲಿ ಸೂಕ್ಷ್ಮದ್ದಕ್ಕೆ ಬೇಕಾದದ್ದು ಮಳೆನೀರಿನಂಥ ಮೆದು ನೀರು, ಸ್ವಲ್ಪ ಹುಳಿ ಅಂಶ, 27ರಿಂದ 30 ಡಿಗ್ರಿ ಬಿಸಿ. ಅದನ್ನು ನಾನು 1100ರ ನೀರಿಗೆ ಬಿಟ್ಟಿದ್ದೆ. ಎರೆ ಹೊಲದ ಬೆಳೆಯನ್ನು ಮಸಾರಿಗೆ ಹಾಕಿ, ಬೆಳೆಯಲಿಲ್ಲ ಅಂತ ಬೀಜವನ್ನು ಬೈದ ಹಾಗಾಯಿತು.

ಸಿಕ್ಲಿಡ್ ಅಂದರೇನು?

ಸಿಕ್ಲಿಡ್ ಒಂದು ದೊಡ್ಡ ಕುಟುಂಬ. ನಮ್ಮ ಕೆರೆಗಳಲ್ಲಿ ತುಂಬಿಕೊಂಡಿರುವ ತಿಲಾಪಿಯಾ, ಅಂಗಡಿಯ ಏಂಜೆಲ್ ಮೀನು, ಕೇರಳದವರು ಬಾಳೆಲೆಯಲ್ಲಿ ಸುಟ್ಟು ತಿನ್ನುವ ಕರಿಮೀನು ಎಲ್ಲ ಇದೇ ಕುಟುಂಬದವು. ದಕ್ಷಿಣ ಅಮೆರಿಕ ಮತ್ತು ಆಫ್ರಿಕದಲ್ಲಿ ಬಹಳ, ನಮ್ಮ ದೇಶದಲ್ಲಿ ಮೂರೇ ಜಾತಿ. ಮರಿ ಸಾಕುವುದರಲ್ಲಿ ಇವುಗಳನ್ನು ಮೀರಿಸಿದವು ಕಡಿಮೆ. ಮೊಟ್ಟೆ ಕಾಯುತ್ತವೆ, ಮರಿಯನ್ನು ಹಿಂಡು ಕಟ್ಟಿಕೊಂಡು ಮೇಯಿಸುತ್ತವೆ. ಕುರಿ ಕಾದವನಿಗೆ ಇದು ನೋಡಲು ಬಲು ಹಿತ.

ಕುಟುಂಬದ ಗುರುತು ಮೂಗಿನಲ್ಲಿದೆ. ಹೆಚ್ಚಿನ ಮೀನುಗಳಿಗೆ ಮುಖದ ಒಂದೊಂದು ಬದಿಗೆ ಎರಡೆರಡು ಮೂಗಿನ ತೂತು, ಸಿಕ್ಲಿಡ್‌ಗೆ ಒಂದೊಂದೇ. ಮೈಯ ಪಕ್ಕದ ಗೆರೆ ಕೂಡ ಮಧ್ಯೆ ತುಂಡಾಗಿ, ಕೆಳಗಿಂದ ಮತ್ತೆ ಶುರುವಾಗುತ್ತದೆ. ಪೂರ್ತಿ ಬೆಳೆದರೂ ಸುಮಾರು ನಾಲ್ಕು ಇಂಚು ದಾಟದವನ್ನು ಗಿಡ್ಡ ಸಿಕ್ಲಿಡ್ ಅನ್ನುವುದು ವಾಡಿಕೆ.

ನೋಡುವುದಕ್ಕೂ ಒಂದು ಕ್ರಮ

ಎಳೆ ಪೈರಿನಲ್ಲಿ ರಾಗಿ ಯಾವುದು, ಕಾಡುರಾಗಿ ಯಾವುದು ಅಂತ ಕಳೆ ತೆಗೆಯುವ ಹೆಂಗಸರಿಗೆ ಯಾರೂ ಪಾಠ ಮಾಡಿಲ್ಲ. ಅವರು ಎಲೆಯ ಬಣ್ಣ ನೋಡುವುದಿಲ್ಲ. ಬಣ್ಣ ಗೊಬ್ಬರದಿಂದ ಬದಲಾಗುತ್ತದೆ. ಬುಡ ಹಿಡಿದು ನೋಡುತ್ತಾರೆ. ಮೀನಿನಲ್ಲೂ ಅಷ್ಟೇ. ಬಣ್ಣ ಮೋಸ ಮಾಡುತ್ತದೆ. ಹೆದರಿದರೆ ಬಿಳುಚುತ್ತದೆ, ಮೊಟ್ಟೆ ಇಡುವಾಗ ಉರಿಯುತ್ತದೆ, ಅಂಗಡಿಯ ದೀಪದ ಕೆಳಗೆ ಇಲ್ಲದ ಬಣ್ಣವೂ ಕಾಣುತ್ತದೆ. ಹಾರ್ಮೋನು ತಿನ್ನಿಸಿ ಬಣ್ಣ ಬರಿಸಿದ ಮೀನೂ ಮಾರುಕಟ್ಟೆಗೆ ಬರುತ್ತದೆ. ಆದ್ದರಿಂದ ನಾನು ನೋಡುವ ಕ್ರಮ ಹೀಗೆ:

1. ಬಾಲದ ಅಂಚಿನ ಆಕಾರ: ದುಂಡಗೋ, ಒಂದು ಮೊನೆಯೋ, ಎರಡು ಮೊನೆಯೋ.
2. ಬೆನ್ನಿನ ರೆಕ್ಕೆಯ ಮುಂದಿನ ಮುಳ್ಳುಗಳು: ಉದ್ದವಾಗಿ ಎದ್ದಿವೆಯೋ, ಸಮನಾಗಿವೆಯೋ.
3. ಕಪ್ಪು ಗುರುತು: ಮೈಮೇಲೆ ಪಟ್ಟೆಯೋ, ಮಚ್ಚೆಯೋ, ಅದು ಎಲ್ಲಿ ಮುಗಿಯುತ್ತದೆ.
4. ಮೈಕಟ್ಟು: ಗುಂಡಗೋ, ಉದ್ದಕ್ಕೋ.
5. ಕೊನೆಗೆ ಬಣ್ಣ.

ಅಂಗಡಿಯಲ್ಲಿ ಕಣ್ಣಿಗೆ ಮೊದಲು ಬೀಳುವುದು ಬಣ್ಣ. ಅದನ್ನು ಕೊನೆಗೆ ಇಟ್ಟುಕೊಳ್ಳುವುದೇ ಈ ಪಾಠದ ಅರ್ಧ ಭಾಗ.

ಎರಡು ರಾಮ್

ಮೊದಲನೆಯದು ನೀಲಿ ರಾಮ್. ಶಾಸ್ತ್ರೀಯ ಹೆಸರು ಮೈಕ್ರೋಜಿಯೋಫೇಗಸ್ ರಾಮಿರೆಜಿ. ಇದನ್ನು ಹಿಡಿದು ವ್ಯಾಪಾರಕ್ಕೆ ತಂದ ಮ್ಯಾನುಯೆಲ್ ರಾಮಿರೆಜ್ ಎಂಬಾತನ ಹೆಸರನ್ನು 1948ರಲ್ಲಿ ಇಟ್ಟರು. ರಾಮ್ ಅನ್ನುವುದು ಅದರ ತುಂಡು. ಟಗರೂ ಅಲ್ಲ, ನಮ್ಮ ರಾಮನೂ ಅಲ್ಲ. ಇದರ ಊರು ವೆನೆಜುವೆಲಾ ಮತ್ತು ಕೊಲಂಬಿಯಾದ ಒರಿನೊಕೊ ನದಿಯ ಹುಲ್ಲುಗಾವಲು ಬಯಲು. ಬೆಚ್ಚಗಿನ, ಮೆದುವಾದ ನೀರು.

ಎರಡನೆಯದು ಬೊಲಿವಿಯನ್ ರಾಮ್, ಮೈಕ್ರೋಜಿಯೋಫೇಗಸ್ ಆಲ್ಟಿಸ್ಪಿನೋಸಸ್. ಬೊಲಿವಿಯಾ ಮತ್ತು ಬ್ರೆಜಿಲ್‌ನ ಮಮೊರೆ, ಗ್ವಾಪೊರೆ ನದಿಗಳ ಮೀನು. ಅಷ್ಟು ಬಿಸಿ ಬೇಡ, 23ರಿಂದ 28 ಡಿಗ್ರಿ ಸಾಕು. ಸ್ವಲ್ಪ ಗಡಸು ನೀರನ್ನೂ ತಾಳುತ್ತದೆ. ಅಂಗಡಿಯಾತ ಹೇಳಿದ ಗಟ್ಟಿ ರಾಮ್ ಇದು.

ಎರಡಕ್ಕೂ ಕಣ್ಣಿನ ಮೇಲೆ ಹಾದು ಕೆಳಗಿಳಿಯುವ ಕಪ್ಪು ಗೆರೆ ಇದೆ. ಎರಡಕ್ಕೂ ಮೈ ನಡುವೆ ಕಪ್ಪು ಮಚ್ಚೆ ಇದೆ. ಬೆನ್ನಿನ ಮುಂದಿನ ಮುಳ್ಳುಗಳು ಎರಡರಲ್ಲೂ ಕಪ್ಪಾಗಿರುತ್ತವೆ. ಎಳೆಯದರಲ್ಲಿ ಮೋಸ ಹೋಗುವುದು ಇದಕ್ಕೇ. ವ್ಯತ್ಯಾಸ ಹೀಗೆ ನೋಡಿ:

ಬಾಲ. ಬೊಲಿವಿಯನ್ ಮೀನಿನ ಬಾಲದ ಮೇಲಿನ ತುದಿ, ಕೆಳಗಿನ ತುದಿ ಎರಡೂ ಮೊನೆಯಾಗಿ ಹಿಂದಕ್ಕೆ ಎಳೆದಿರುತ್ತವೆ, ಅಂಚಿಗೆ ಗುಲಾಬಿ-ಕೆಂಪು ಗೆರೆ. ಗಂಡಿನಲ್ಲಿ ದಾರದ ಹಾಗೆ ಉದ್ದ. ನೀಲಿ ರಾಮ್‌ಗೆ ಹಾಗೆ ಎಳೆದ ತುದಿ ಇಲ್ಲ, ಬಾಲ ಗಿಡ್ಡ. ಉದ್ದ ರೆಕ್ಕೆಯ ತಳಿ ಮಾಡಿದ್ದಾರೆ, ಅದರಲ್ಲಿ ಎಲ್ಲ ರೆಕ್ಕೆಯೂ ಒಟ್ಟಿಗೇ ಉದ್ದ ಇರುತ್ತದೆ.

ನೀಲಿ ಚುಕ್ಕೆ. ನೀಲಿ ರಾಮ್‌ನ ಮೈ, ಕೆನ್ನೆ, ರೆಕ್ಕೆ ಎಲ್ಲ ಕಡೆ ಹೊಳೆಯುವ ನೀಲಿ ಚುಕ್ಕೆ ಚೆಲ್ಲಿರುತ್ತದೆ. ಬೊಲಿವಿಯನ್ ಮೈ ಒಣಹುಲ್ಲಿನ ಬಣ್ಣ, ಮುಂಭಾಗ ಹಳದಿ. ಮೈತುಂಬ ನೀಲಿ ಚುಕ್ಕೆ ಇಲ್ಲ.

ಮೈಕಟ್ಟು. ನೀಲಿ ರಾಮ್ ಗಿಡ್ಡ, ಗುಂಡಗೆ, ಎರಡು ಇಂಚಿನ ಆಸುಪಾಸು. ಬೊಲಿವಿಯನ್ ಉದ್ದಕ್ಕೆ, ಮೂರು ಇಂಚಿನವರೆಗೆ.

ಇವೆರಡೂ ಬಯಲಿನ ಚಪ್ಪಟೆ ಕಲ್ಲಿನ ಮೇಲೆ ಮೊಟ್ಟೆ ಇಡುತ್ತವೆ, ಗಂಡು ಹೆಣ್ಣು ಎರಡೂ ಸೇರಿ ಕಾಯುತ್ತವೆ. ಕಲ್ಲಿನ ಮೇಲೆ ಇಟ್ಟರೆ ರಾಮ್, ಗವಿಯೊಳಗೆ ಇಟ್ಟರೆ ಮುಂದೆ ಹೇಳುವ ಬೇರೆ ಗುಂಪು. ಇದೂ ಒಂದು ಗುರುತು.

ನೀಲಿ ರಾಮ್‌ನಲ್ಲಿ ಹೆಣ್ಣನ್ನು ಹೊಟ್ಟೆಯ ಗುಲಾಬಿ ಬಣ್ಣದಿಂದ ತಿಳಿಯಬಹುದು. ಇನ್ನೊಂದು ಗುರುತು ಮೈ ನಡುವಿನ ಕಪ್ಪು ಮಚ್ಚೆ. ಮಚ್ಚೆಯೊಳಗೆ ನೀಲಿ ಹೊಳಪು ಇದ್ದರೆ ಹೆಚ್ಚಾಗಿ ಹೆಣ್ಣು, ಬರೀ ಕಪ್ಪಿದ್ದರೆ ಗಂಡು. ಬೊಲಿವಿಯನ್‌ನಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ. ಆರು ಎಳೆ ಮೀನು ತಂದು ಒಟ್ಟಿಗೆ ಬೆಳೆಸಿದರೆ ಅವೇ ಜೋಡಿ ಕಟ್ಟಿಕೊಳ್ಳುತ್ತವೆ.

ಬಣ್ಣ ಬದಲಾದರೆ ಜಾತಿ ಬದಲಾಗದು

ಜರ್ಮನ್ ಬ್ಲೂ, ಗೋಲ್ಡ್ ರಾಮ್, ಎಲೆಕ್ಟ್ರಿಕ್ ಬ್ಲೂ, ಬಲೂನ್ ರಾಮ್ ಅಂತ ನಾಲ್ಕು ತೊಟ್ಟಿಗೆ ನಾಲ್ಕು ಚೀಟಿ ಅಂಟಿಸಿರುತ್ತಾರೆ. ಇವೆಲ್ಲ ಒಂದೇ ರಾಮಿರೆಜಿ ಜಾತಿಯ ತಳಿಗಳು. ಗೋಲ್ಡ್‌ನಲ್ಲಿ ಕಪ್ಪು ಗುರುತು ಅಳಿಸಿದೆ, ಎಲೆಕ್ಟ್ರಿಕ್ ಬ್ಲೂನಲ್ಲಿ ಮೈ ಪೂರ್ತಿ ನೀಲಿ, ಬಲೂನ್‌ನಲ್ಲಿ ಬೆನ್ನುಮೂಳೆ ಗಿಡ್ಡವಾಗಿ ಹೊಟ್ಟೆ ಉಬ್ಬಿದೆ. ನಮ್ಮ ಕಡ್ಲೆಕಾಯಿಯಲ್ಲಿ ಟಿಎಂವಿ-2, ಜೆಎಲ್-24 ಇದ್ದ ಹಾಗೆ. ಬೀಜ ಬೇರೆ, ಬೆಳೆ ಒಂದೇ. ಚೀಟಿ ಬದಲಾದರೂ ಬೇಕಾಗುವ ನೀರು ಬದಲಾಗುವುದಿಲ್ಲ.

ಅಪಿಸ್ಟೋಗ್ರಾಮ: ಮೂರು ಬಾಲ, ಮೂರು ಜಾತಿ

ಇದು ದಕ್ಷಿಣ ಅಮೆರಿಕದ ದೊಡ್ಡ ಪಂಗಡ, ಹೆಸರಿಟ್ಟ ಜಾತಿಗಳೇ 90ಕ್ಕೂ ಹೆಚ್ಚು. ಎಲ್ಲ ಕಲಿಯುವ ಅಗತ್ಯ ನಮಗಿಲ್ಲ. ನನ್ನ ಕೈಗೆ ಹೆಚ್ಚಾಗಿ ಬಂದವು ಮೂರು. ಬೆಳೆದ ಗಂಡಿನ ಬಾಲ ನೋಡಿದರೆ ಮೂರನ್ನೂ ಬಿಡಿಸಬಹುದು.

ಎರಡು ಮೊನೆಯ ಬಾಲ: ಕಾಕಟುಆಯ್ಡಿಸ್. ಕಾಕಟೂ ಎಂಬ ಜುಟ್ಟಿನ ಗಿಣಿಯ ಹೆಸರು ಇದಕ್ಕೆ. ಬೆನ್ನಿನ ಮುಂದಿನ ಮುಳ್ಳುಗಳು ಜುಟ್ಟಿನ ಹಾಗೆ ಎದ್ದು ನಿಲ್ಲುತ್ತವೆ. ಬಾಯಿ ದೊಡ್ಡದು, ತುಟಿ ದಪ್ಪ. ಮೈ ನಡುವಿನ ಕಪ್ಪು ಪಟ್ಟೆಯ ಕೆಳಗೆ, ಹೊಟ್ಟೆಯ ಪಕ್ಕದಲ್ಲಿ, ಸಣ್ಣ ಗೆರೆಗಳು ಇರುತ್ತವೆ. ಪೆರು ದೇಶದ ಅಮೆಜಾನ್ ಭಾಗದ ಮೀನು. ಡಬಲ್ ರೆಡ್, ಟ್ರಿಪಲ್ ರೆಡ್ ಅಂತ ಮಾರುವುದು ಇದರ ತಳಿಗಳನ್ನೇ, ಎಷ್ಟು ರೆಕ್ಕೆ ಕೆಂಪಾಗಿದೆ ಎಂಬ ಲೆಕ್ಕ. ಗಡಸು ನೀರಿಗೆ ಹೊಂದಿಕೊಳ್ಳುವುದರಲ್ಲಿ ಇದು ಈ ಪಂಗಡದಲ್ಲೇ ಗಟ್ಟಿ. ನನ್ನ ಮನೆ ಹಿಡಿದು ನಿಲ್ಲಿಸಿದ್ದು ಇದೇ.

ಒಂದು ಮೊನೆಯ ಬಾಲ: ಅಗಾಸಿಜಿ. 1865-66ರಲ್ಲಿ ಬ್ರೆಜಿಲ್‌ಗೆ ಹೋಗಿ ಮೀನು ಸಂಗ್ರಹಿಸಿದ ಲೂಯಿ ಅಗಾಸಿಜ್ ಎಂಬ ವಿಜ್ಞಾನಿಯ ಹೆಸರು. ಬಾಲ ಭರ್ಜಿಯ ಅಲಗಿನಂತೆ ನಡುವೆ ಚೂಪಾಗುತ್ತದೆ. ಅಲಗಿನ ಅಂಚಿಗೆ ಸಮನಾಗಿ ಒಳಗಡೆ ಬಿಳಿಯೋ ತಿಳಿನೀಲಿಯೋ ಗೆರೆ. ಬೆನ್ನಿನ ಮುಳ್ಳುಗಳು ಸಮ, ಜುಟ್ಟು ಇಲ್ಲ. ಮೈ ತೆಳ್ಳಗೆ ಉದ್ದ. ಇದಕ್ಕೆ ಮೆದು ನೀರು ಬೇಕು. ಗಡಸು ನೀರಲ್ಲಿ ಬದುಕಿದರೂ ನನ್ನಲ್ಲಿ ಮೊಟ್ಟೆಗಳು ಬೆಳ್ಳಗಾಗಿ ಕೆಟ್ಟವು.

ದುಂಡು ಬಾಲ: ಬೊರೆಲ್ಲಿ. ಪರಾಗ್ವೆ ನದಿಯ ಸೀಮೆಯದು. ಬೆನ್ನಿನ ರೆಕ್ಕೆ ಹಾಯಿಯ ಹಾಗೆ ಎತ್ತರ, ಆದರೆ ಮುಂದಿನ ಮುಳ್ಳು ಬಿಡಿಬಿಡಿಯಾಗಿ ಎದ್ದಿಲ್ಲ. ಮೈ ನೀಲಿ, ಮುಖ ಹಳದಿ. ಮೈಮೇಲಿನ ಕಪ್ಪು ಪಟ್ಟೆ ಮಸುಕು. ಇದು ಚಳಿ ತಾಳುತ್ತದೆ. ನಮ್ಮಲ್ಲಿ ಮಾಗಿಯ ರಾತ್ರಿ ಕರೆಂಟು ಹೋಗಿ ಹೀಟರು ನಿಂತಾಗಲೂ ಇದು ಉಳಿಯಿತು.

ಹೆಣ್ಣಿನಲ್ಲಿ ನಾನು ಎಡವಿದ್ದು

ಗಂಡನ್ನು ಬಿಡಿಸುವುದು ಸುಲಭ. ಹೆಣ್ಣು ಹಾಗಲ್ಲ. ಅಪಿಸ್ಟೋಗ್ರಾಮ ಹೆಣ್ಣು ಒಂದೂವರೆ, ಎರಡು ಇಂಚು. ಜುಟ್ಟಿಲ್ಲ, ಮೊನೆ ಬಾಲವಿಲ್ಲ. ಮರಿ ಕಾಯುವಾಗ ಎಲ್ಲವೂ ನಿಂಬೆಹಣ್ಣಿನ ಹಳದಿಗೆ ತಿರುಗಿ ಮೇಲೆ ಕಪ್ಪು ಬರೆ ಎಳೆದಂತೆ ಕಾಣುತ್ತವೆ. ಯಾವ ಜಾತಿ ಅಂತ ಹೇಳಲು ಕಣ್ಣು ಸೋಲುತ್ತದೆ.

2021ರಲ್ಲಿ ಹಿರಿಯೂರಿನ ಕಡೆಯ ಮೇಷ್ಟರೊಬ್ಬರು ನನ್ನಿಂದ ಎರಡು ಜೋಡಿ ಕಾಕಟುಆಯ್ಡಿಸ್ ಕೊಂಡುಹೋದರು. ಆರು ತಿಂಗಳ ನಂತರ ಬಂದರು. "ಒಂದು ಜೋಡಿ ಎರಡು ಸಲ ಮರಿ ಮಾಡಿತು. ಇನ್ನೊಂದು ಬರೀ ಜಗಳ. ಹೆಣ್ಣಿನ ರೆಕ್ಕೆಯೆಲ್ಲ ಹರಿದು ಹೋಗಿದೆ" ಅಂದರು. ಡಬ್ಬಿಯಲ್ಲಿ ಹೆಣ್ಣನ್ನು ತಂದಿದ್ದರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮೈ ನಡುವಿನ ಕಪ್ಪು ಪಟ್ಟೆ ಬಾಲದ ಬುಡದಲ್ಲಿ ನಿಲ್ಲದೆ ಬಾಲದೊಳಕ್ಕೇ ಸಾಗಿತ್ತು. ಅದು ಅಗಾಸಿಜಿ ಹೆಣ್ಣು. ಜಾಗ ಸಾಲದೆ ಎರಡು ಜಾತಿಯ ಎಳೆಯವನ್ನು ನಾನೇ ಒಂದು ತೊಟ್ಟಿಗೆ ಸೇರಿಸಿದ್ದೆ.

ಮೇಷ್ಟರು ಕೋಪ ಮಾಡಲಿಲ್ಲ. "ಹೋಗಲಿ ಬಿಡಿ, ಮೀನು ತಾನೇ" ಅಂದರು. ಆದರೆ ನನಗೆ ಊಟ ಸೇರಲಿಲ್ಲ. ಹೆಸರು ಹೇಳಿ ಬೇರೆ ಮೀನು ಕೊಟ್ಟ ಆ ಅಂಗಡಿಯವನನ್ನು ಮೂರು ವರ್ಷ ಬೈದಿದ್ದೆ. ಈಗ ಅವನಿಗೂ ನನಗೂ ವ್ಯತ್ಯಾಸ ಎಲ್ಲಿ ಉಳಿಯಿತು? ದುಡ್ಡು ವಾಪಸು ಕೊಟ್ಟು, ಗುರುತಿಸಿದ ಹೆಣ್ಣೊಂದನ್ನು ಬಿಟ್ಟಿ ಕೊಟ್ಟೆ. ಅವತ್ತಿಂದ ಒಂದು ತೊಟ್ಟಿಗೆ ಒಂದೇ ಜಾತಿ.

ಆ ದಿನ ಗಟ್ಟಿಯಾದ ಗುರುತು ಇದು. ಹೆಣ್ಣು ಮರಿ ಕಾಯದೆ ಸುಮ್ಮನಿದ್ದಾಗ, ಪಟ್ಟೆ ಬಾಲದ ಬುಡದಲ್ಲಿ ನೋಡಿ. ಪಟ್ಟೆ ಬುಡದಲ್ಲೇ ಮುಗಿದು ಅಲ್ಲೊಂದು ಮಚ್ಚೆ ಕಂಡರೆ ಕಾಕಟುಆಯ್ಡಿಸ್. ಪಟ್ಟೆ ನಿಲ್ಲದೆ ಬಾಲದ ರೆಕ್ಕೆಯೊಳಗೆ ಹರಿದರೆ ಅಗಾಸಿಜಿ. ಹೆದರಿದ ಮೀನಿನಲ್ಲಿ ಪಟ್ಟೆ ಮಸುಕಾಗುತ್ತದೆ, ಅದಕ್ಕೆ ಡಬ್ಬಿಯಲ್ಲಿ ನೋಡಿ ತೀರ್ಮಾನ ಮಾಡಬೇಡಿ. ತೊಟ್ಟಿಯಲ್ಲಿ ಎರಡು ದಿನ ನೆಲೆ ನಿಂತ ಮೇಲೆ ನೋಡಿ.

ಅಪಿಸ್ಟೋಗ್ರಾಮಕ್ಕೆ ಗವಿ ಬೇಕು. ಅರ್ಧ ತೆಂಗಿನ ಚಿಪ್ಪು ಬೋರಲು ಹಾಕಿ, ಒಂದು ಕಡೆ ಬೆರಳು ತೂರುವಷ್ಟು ಸಂದು ಬಿಡಿ. ಹೆಣ್ಣು ಒಳಗೆ ಚಾವಣಿಗೆ ಮೊಟ್ಟೆ ಅಂಟಿಸುತ್ತದೆ. ಮರಿ ಕಾಯುವ ಕೆಲಸ ಹೆಚ್ಚಾಗಿ ಅದರದ್ದೇ, ಗಂಡು ಹೊರಗಿನ ಗಡಿ ಕಾಯುತ್ತದೆ. ಇನ್ನೊಂದು ವಿಷಯ. ಈ ಪಂಗಡದಲ್ಲಿ ಗಂಡಾಗುವುದೋ ಹೆಣ್ಣಾಗುವುದೋ ಎಳೆತನದ ನೀರಿನ ಬಿಸಿಯ ಮೇಲೂ ನಿಂತಿದೆ. ಬಿಸಿ ಜಾಸ್ತಿಯಾದರೆ ಗಂಡು ಹೆಚ್ಚು, ತಂಪಾದರೆ ಹೆಣ್ಣು ಹೆಚ್ಚು. ವಿಜ್ಞಾನಿಗಳು 1996ರಲ್ಲಿ ಇದನ್ನು ಹಲವು ಜಾತಿಗಳಲ್ಲಿ ಪರೀಕ್ಷಿಸಿ ತೋರಿಸಿದ್ದಾರೆ. ನಮ್ಮ ಬೇಸಿಗೆಯ ಮರಿಗಳಲ್ಲಿ ಬರೀ ಗಂಡೇ ಯಾಕೆ ಅಂತ ನಾನು ತಲೆ ಕೆರೆದುಕೊಂಡದ್ದಕ್ಕೆ ಉತ್ತರ ಇಲ್ಲಿ ಸಿಕ್ಕಿತು.

ಕ್ರಿಬ್: ಊರಿನ ಹೆಸರು ಒಂದು, ಮೀನು ಇನ್ನೊಂದು

ಆಫ್ರಿಕದ ಗಿಡ್ಡ ಸಿಕ್ಲಿಡ್‌ನಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುವುದು ಕ್ರಿಬೆನ್ಸಿಸ್, ಬಾಯಿಮಾತಿನಲ್ಲಿ ಕ್ರಿಬ್. ಹೆಸರಿನ ಮೂಲ ಕ್ಯಾಮೆರೂನ್ ದೇಶದ ಕ್ರಿಬಿ ಎಂಬ ಊರು. ಆದರೆ ಅಂಗಡಿಯ ಮೀನು ನೈಜೀರಿಯಾದ ದಕ್ಷಿಣ ಭಾಗದ ಪೆಲ್ವಿಕಾಕ್ರೋಮಿಸ್ ಪುಲ್ಕರ್. ಹಿಂದೆ ತಪ್ಪಾಗಿ ಅಂಟಿದ ಹೆಸರು ವ್ಯಾಪಾರದಲ್ಲಿ ಉಳಿದುಬಿಟ್ಟಿದೆ. ವಿಜ್ಞಾನಿಗಳು 2014ರಲ್ಲಿ ಕ್ಯಾಮೆರೂನಿನ ಮೀನನ್ನು ಬೇರೆ ಮಾಡಿ ಕ್ರಿಬೆನ್ಸಿಸ್ ಹೆಸರನ್ನು ಅದಕ್ಕೆ ಕೊಟ್ಟರು. ಹಾಗಾಗಿ ಚೀಟಿಯಲ್ಲಿ ಕ್ರಿಬೆನ್ಸಿಸ್ ಅಂತಿದ್ದರೆ ಒಳಗಿರುವುದು ಸಾಧಾರಣವಾಗಿ ಪುಲ್ಕರ್.

ರಾಮ್‌ನಿಂದ ಇದನ್ನು ಬಿಡಿಸುವುದು ಸುಲಭ. ಮೈ ಉದ್ದ, ತಲೆಯಿಂದ ಬಾಲದವರೆಗೆ ಕಪ್ಪು ಪಟ್ಟೆ, ಕಣ್ಣಿಂದ ಕೆಳಗಿಳಿಯುವ ದಪ್ಪ ಗೆರೆ ಇಲ್ಲ. ಗಂಡಿನ ಬಾಲದ ಮೇಲಿನ ಅರ್ಧದಲ್ಲಿ ಹೊನ್ನಿನ ಅಂಚಿನ ಕಪ್ಪು ಚುಕ್ಕೆಗಳು ಬರುವುದುಂಟು. ಗಂಡು ನಾಲ್ಕು ಇಂಚು, ಹೆಣ್ಣು ಮೂರು. ಇಲ್ಲಿ ಹೆಣ್ಣೇ ಚೆಂದ, ಗುಂಡಗಿನ ಹೊಟ್ಟೆ ನೇರಳೆಗೆಂಪು. ಗಂಡು ಉದ್ದ, ಬೆನ್ನಿನ ರೆಕ್ಕೆಯ ಹಿಂತುದಿ ಚೂಪು. ಇದೂ ಗವಿಯಲ್ಲೇ ಮೊಟ್ಟೆ ಇಡುತ್ತದೆ. ನೀರು ಬಹಳ ಹುಳಿಯಾದರೆ ಮರಿಗಳಲ್ಲಿ ಗಂಡು ಜಾಸ್ತಿ. ಗಡಸು ನೀರನ್ನು ಚೆನ್ನಾಗಿ ತಾಳುತ್ತದೆ. ಹೊಸಬರು ಶುರು ಮಾಡಲು ಇದೇ ಒಳ್ಳೆಯದು.

ನಮ್ಮ ಕರಾವಳಿಯ ಗಿಡ್ಡ ಸಿಕ್ಲಿಡ್

ಇಷ್ಟು ದೂರದ ಮೀನು ಹುಡುಕಿದವನಿಗೆ ನಮ್ಮ ಕಡಲ ದಂಡೆಯಲ್ಲೇ ಒಂದು ಇದೆ ಅಂತ ತಡವಾಗಿ ತಿಳಿಯಿತು. ಆರೆಂಜ್ ಕ್ರೋಮೈಡ್, ಸ್ಯೂಡೆಟ್ರೋಪ್ಲಸ್ ಮ್ಯಾಕುಲೇಟಸ್. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಹೊಳೆ, ಹಿನ್ನೀರು, ಅಳಿವೆಗಳ ಮೀನು. ಮೂರು ಇಂಚಿಗಿಂತ ಬಹಳ ಬೆಳೆಯದು. ಗಡಸು ನೀರು, ಸ್ವಲ್ಪ ಉಪ್ಪು ನೀರು ಎರಡೂ ಆಗುತ್ತದೆ. ನನ್ನ ಬೋರಿನ ನೀರನ್ನು ಹಾಗೇ ಕೊಟ್ಟು ಸಾಕಿದ್ದೇನೆ. ಮರಿಗಳು ಅಪ್ಪ ಅಮ್ಮನ ಮೈಯ ಲೋಳೆಯನ್ನೇ ಕಚ್ಚಿ ತಿನ್ನುವುದನ್ನು ನೋಡಲು ನಮ್ಮ ಹಟ್ಟಿಯ ಮಕ್ಕಳೆಲ್ಲ ಬರುತ್ತವೆ.

ಇದಕ್ಕೆ ಇಬ್ಬರು ಅಣ್ಣಂದಿರು. ಒಂದು ಕರಿಮೀನು, ಕೇರಳ 2010ರಲ್ಲಿ ತನ್ನ ರಾಜ್ಯ ಮೀನು ಮಾಡಿಕೊಂಡದ್ದು. ಇನ್ನೊಂದು ದಕ್ಷಿಣ ಕನ್ನಡದ ಹೊಳೆಗಳಲ್ಲಿ ಇರುವ ಎಟ್ರೋಪ್ಲಸ್ ಕೆನರೆನ್ಸಿಸ್. ಎಳೆಯದರಲ್ಲಿ ಬಿಡಿಸುವುದು ಹೀಗೆ. ಮೈ ಹಳದಿ, ಸಾಲುಸಾಲು ಕಿತ್ತಳೆ ಚುಕ್ಕೆ, ನಡುವೆ ದುಂಡು ಕಪ್ಪು ಮಚ್ಚೆ ಇದ್ದರೆ ಆರೆಂಜ್ ಕ್ರೋಮೈಡ್. ಹಸಿರು ಬೂದು ಮೈಯಲ್ಲಿ ಅಡ್ಡ ಪಟ್ಟೆ, ಮುತ್ತಿನಂಥ ಬಿಳಿ ಚುಕ್ಕೆ, ಪಕ್ಕದ ರೆಕ್ಕೆಯ ಬುಡದಲ್ಲಿ ಕಪ್ಪು ಇದ್ದರೆ ಕರಿಮೀನು. ಅದು ಗೇಣು ಮೀರಿ ಬೆಳೆಯುತ್ತದೆ, ಸಣ್ಣ ತೊಟ್ಟಿಗೆ ತರಬೇಡಿ. ಕೆನರೆನ್ಸಿಸ್‌ಗೆ ಅಗಲವಾದ ಕಪ್ಪು ಪಟ್ಟೆ, ಮೇಲೆ ಬಿಳಿ ಚುಕ್ಕೆ. ಇದು ಅಪರೂಪದ ಮೀನು. ಹೊಳೆಯಿಂದ ಹಿಡಿಯಬೇಡಿ, ಹಿಡಿದದ್ದನ್ನು ಕೊಳ್ಳಲೂ ಬೇಡಿ.

ಸಣ್ಣ ತಿಲಾಪಿಯಾ ಮರಿಯನ್ನು ಕ್ರೋಮೈಡ್ ಅಂತ ದಾಟಿಸುವವರೂ ಇದ್ದಾರೆ. ಹೊಟ್ಟೆಯ ಹಿಂಭಾಗದ ರೆಕ್ಕೆಯ ಮುಳ್ಳು ಎಣಿಸಿ. ತಿಲಾಪಿಯಾಕ್ಕೆ ಮೂರು. ನಮ್ಮ ಮೂರು ಜಾತಿಗಳಿಗೂ ಹನ್ನೆರಡು ಅಥವಾ ಹೆಚ್ಚು. ಇದರಲ್ಲಿ ಮೋಸಕ್ಕೆ ಜಾಗವೇ ಇಲ್ಲ.

ಯಾವ ಮೀನಿಗೆ ಯಾವ ನೀರು

ನಾನು ಈಗ ಕೊಡುವ ಲೆಕ್ಕ ಇದು. ನಿಮ್ಮ ಬೋರಿನ ನೀರು ನೋಡಿಕೊಂಡು ಬದಲಿಸಿಕೊಳ್ಳಿ.

ನೀಲಿ ರಾಮ್, ಅಗಾಸಿಜಿ: ಒಂಬತ್ತು ಪಾಲು ಮಳೆನೀರು, ಒಂದು ಪಾಲು ಬೋರು. ಮೀಟರು 140ರ ಹತ್ತಿರ.
ಬೊಲಿವಿಯನ್ ರಾಮ್, ಬೊರೆಲ್ಲಿ: ಮೂರು ಪಾಲು ಮಳೆನೀರು, ಒಂದು ಪಾಲು ಬೋರು. 300ರ ಹತ್ತಿರ.
ಕಾಕಟುಆಯ್ಡಿಸ್, ಕ್ರಿಬ್: ಅರ್ಧಕ್ಕರ್ಧ.
ಆರೆಂಜ್ ಕ್ರೋಮೈಡ್: ಬರೀ ಬೋರು.

ಬರೀ ಮಳೆನೀರನ್ನೇ ತುಂಬಬೇಡಿ. ಅದರಲ್ಲಿ ಸುಣ್ಣದ ಆಸರೆ ಇಲ್ಲದ್ದರಿಂದ ಹುಳಿ ಇದ್ದಕ್ಕಿದ್ದಂತೆ ಏರುತ್ತದೆ. ಅದಕ್ಕೇ ಒಂದು ಪಾಲಾದರೂ ಬೋರು. ಮೊದಲ ಮಳೆ ಮಾಳಿಗೆ ತೊಳೆಯಲಿ, ಅದನ್ನು ಗಿಡಕ್ಕೆ ಬಿಡಿ. ಎರಡನೇ ಮಳೆಯಿಂದ ಪ್ಲಾಸ್ಟಿಕ್ ತೊಟ್ಟಿಗೆ ಹಿಡಿಯಿರಿ. ಹೊಸ ಸಿಮೆಂಟು ತೊಟ್ಟಿ ಸುಣ್ಣ ಬಿಡುತ್ತದೆ. ಎರಡು ಸಾವಿರ ಲೀಟರು ಹಿಡಿದರೆ ನನ್ನ ಹತ್ತು ತೊಟ್ಟಿಗೆ ಬೇಸಿಗೆ ದಾಟುತ್ತದೆ. ಮಳೆನೀರು ಹಿಡಿಯಿರಿ ಅಂತ ಎಲ್ಲರೂ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ, ಎರಡಿಂಚಿನ ಮೀನು ಹಿಡಿಸಿತು.

ಕೊಳ್ಳುವಾಗ ನೆನಪಿಡಿ

1. ಚೀಟಿ ನಂಬಬೇಡಿ. ಶಾಸ್ತ್ರೀಯ ಹೆಸರು ಕೇಳಿ. ಅದನ್ನು ಹೇಳಬಲ್ಲವನು ಸಾಧಾರಣವಾಗಿ ಮೀನನ್ನೂ ಬಲ್ಲವನು.
2. ಅವರ ತೊಟ್ಟಿಯ ನೀರಿಗೆ ಮೀಟರು ಅದ್ದಿ. ನಿಮ್ಮ ನೀರಿಗೂ ಅದಕ್ಕೂ ಬಹಳ ಅಂತರವಿದ್ದರೆ ತಂದ ಮೇಲೆ ಗಂಟೆಗಟ್ಟಲೆ ಹನಿಹನಿಯಾಗಿ ನೀರು ಬೆರೆಸಿ ಹೊಂದಿಸಿ.
3. ಅತಿ ಬಣ್ಣದ ಎಳೆ ಮೀನು ಬೇಡ. ವಯಸ್ಸಿಗೆ ಮೀರಿದ ಬಣ್ಣ ಅನುಮಾನಕ್ಕೆ ಜಾಗ.
4. ಒಂದೇ ತೊಟ್ಟಿಯಲ್ಲಿ ಎರಡು ಜಾತಿಯ ಅಪಿಸ್ಟೋಗ್ರಾಮ ಇಟ್ಟಿದ್ದರೆ ಅಲ್ಲಿಂದ ಹೆಣ್ಣು ಕೊಳ್ಳಬೇಡಿ.
5. ತಂದ ಮೀನನ್ನು ಮೂರು ವಾರ ಬೇರೆ ತೊಟ್ಟಿಯಲ್ಲಿಡಿ. ಹೊಸ ಕುರಿಯನ್ನು ಹಿಂಡಿಗೆ ನೇರ ಬಿಡುತ್ತೇವೆಯೇ?

ಕೊನೆಯ ಮಾತು. ಬೇಡವಾದ ಮೀನನ್ನು ಕೆರೆಗೋ ಕೃಷಿಹೊಂಡಕ್ಕೋ ಬಿಡಬೇಡಿ. ತಿಲಾಪಿಯಾವನ್ನು ನಮ್ಮ ದೇಶಕ್ಕೆ 1952ರಲ್ಲಿ ತಂದರು. ಇವತ್ತು ನಮ್ಮೂರ ಕೆರೆಯಲ್ಲಿ ಬಲೆ ಹಾಕಿದರೆ ಬರುವುದು ಅದೇ. ಅಜ್ಜ ಹೇಳುತ್ತಿದ್ದ ಮೀನುಗಳ ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿದಿದೆ.

ಲೆಕ್ಕ ಹೇಳದಿದ್ದರೆ ಬರಹ ಪೂರ್ತಿಯಾಗದು. ಕಳೆದ ವರ್ಷ ಆಹಾರ, ಕರೆಂಟು, ಸತ್ತದ್ದು ಎಲ್ಲ ಕಳೆದು ಮೀನಿನಿಂದ ಉಳಿದದ್ದು 38 ಸಾವಿರ. ಒಳ್ಳೆ ಮಳೆಯ ವರ್ಷದ ಕಡ್ಲೆಕಾಯಿಗೆ ಇದು ಸಮವಲ್ಲ. ಆದರೆ ಮಳೆ ಹೋದ ವರ್ಷ ಟಗರು ಮಾರದೆ ಉಳಿಯಲು ಸಾಕು. ಮೊದಲ ಸಲ ತಂದ 40ರಲ್ಲಿ ಉಳಿದ ಮೂರು ರಾಮ್‌ಗಳನ್ನು ನಾನು ಮಾರಲಿಲ್ಲ. ಮಳೆನೀರಿಗೆ ಬದಲಿಸಿದ ಮೇಲೆ ಅವು ಎರಡು ವರ್ಷ ಬದುಕಿದವು. ಅವುಗಳಲ್ಲೊಂದು ಜೋಡಿ ಕಲ್ಲಿನ ಮೇಲೆ ಮೊಟ್ಟೆ ಇಟ್ಟ ದಿನ, ತಪ್ಪು ಮೀನಿನದ್ದಲ್ಲ ಅಂತ ಒಪ್ಪಿಕೊಂಡೆ.